ಬಡವರ ಹಕ್ಕನ್ನು ‘ಬಿಟ್ಟಿ’ ಎನ್ನುವ ಮುನ್ನ

ಜುಮುಆ ನಮಾಝ್ ಮುಗಿಸಿ ಮಸ್ಜಿದ್‌ನ ಮೆಟ್ಟಿಲಿಳಿಯುವಾಗ ನಮ್ಮ ಕಡೆ, ಅಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಸುತ್ತಮುತ್ತ, ಈಚಿನ ವರ್ಷಗಳಲ್ಲಿ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತಿದೆ. “ಕೂಲಿಗೆ ಒಬ್ರೂ ಸಿಕ್ತಿಲ್ಲ. ಎಲ್ಲ ಎರಡು ಸಾವಿರ ಎಣಿಸ್ಕೊಂಡು ಮನೇಲಿ ಕೂತವ್ರೆ.” ಹೇಳುವವರು ಅನ್ಯರಲ್ಲ. ಅಂಗಡಿ ಇಟ್ಟುಕೊಂಡವರು, ಮರದ ಮಿಲ್ಲಿನ ಮಾಲೀಕರು, ನಾಲ್ಕಾರು ಎಕರೆ ಹೊಗೆಸೊಪ್ಪು ಬೆಳೆಯುವವರು, ಅಂದರೆ ಮೊದಲ ಸಾಲಿನಲ್ಲಿ ನಮ್ಮ ಪಕ್ಕದಲ್ಲೇ ಭುಜಕ್ಕೆ ಭುಜ ತಾಗಿಸಿ ನಿಂತವರು. ಕೆಲವೇ ನಿಮಿಷಗಳ ಹಿಂದೆ ಖತೀಬರು ಝಕಾತ್‌ನ ಮಹತ್ವವನ್ನು ವಿವರಿಸುತ್ತಿದ್ದಾಗ ತಲೆದೂಗಿದವರೂ ಇವರೇ.

ಈ ಮಾತಿಗೆ ಉತ್ತರ ಹೇಳುವುದು ಅಗತ್ಯವೆಂದು ನಮಗೆ ಅನಿಸಿದೆ. ಏಕೆಂದರೆ ಇದು ಕೇವಲ ರಾಜಕೀಯದ ಹರಟೆಯಲ್ಲ. ಬಡವನ ಕೈಗೆ ಹಣ ಕೊಟ್ಟರೆ ಆತ ಕೆಡುತ್ತಾನೆ ಎಂಬ ನಂಬಿಕೆ ಇದರ ಬುಡದಲ್ಲಿದೆ. ಅದೇ ನಂಬಿಕೆ ರಮಝಾನ್ ತಿಂಗಳಲ್ಲಿ ನಮ್ಮ ಝಕಾತ್ ವಿತರಣೆಯಲ್ಲೂ ತಲೆಯೆತ್ತುತ್ತದೆ.

ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿದ್ದು ನಮ್ಮದೇ ಜಿಲ್ಲೆಯಲ್ಲಿ, 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ನಮೂದಾದ ಮಹಿಳೆಯ ಬ್ಯಾಂಕ್ ಖಾತೆಗೆ ತಿಂಗಳಿಗೆ 2000 ರೂಪಾಯಿ. ಆಕೆ ಅಥವಾ ಆಕೆಯ ಪತಿ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಾಗಿದ್ದರೆ ಇಲ್ಲ. ಅಷ್ಟೇ. ಹಣವನ್ನು ಯಾವುದಕ್ಕೆ ಖರ್ಚು ಮಾಡಬೇಕೆಂಬ ಷರತ್ತಿಲ್ಲ, ರಸೀದಿ ತೋರಿಸಬೇಕಾಗಿಲ್ಲ, ಯಾರೂ ಬಂದು ಅಡುಗೆಮನೆಯ ಡಬ್ಬಿಗಳನ್ನು ತೆರೆದು ನೋಡುವುದಿಲ್ಲ. ಅದೇ ವರ್ಷದ ಜುಲೈನಿಂದ ಅನ್ನಭಾಗ್ಯದ ಹೆಚ್ಚುವರಿ ಐದು ಕೆ.ಜಿ. ಅಕ್ಕಿಯ ಬದಲಿಗೆ ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಬರುತ್ತಿತ್ತು. 2025ರ ಆರಂಭದಲ್ಲಿ ಅದು ನಿಂತು ಅಕ್ಕಿಯೇ ಬರತೊಡಗಿತು. ಹೀಗೆ ಒಂದೂವರೆ ವರ್ಷ ನಮ್ಮ ಹಳ್ಳಿಯ ಬಡ ಕುಟುಂಬಗಳು ನಗದು ಎಂದರೇನು ಎಂಬುದನ್ನು ಎರಡು ದಾರಿಯಿಂದ ಕಂಡವು.

ಈ ಹಣ ಮನೆಯೊಳಗೆ ಏನು ಮಾಡುತ್ತದೆ? ಪಿರಿಯಾಪಟ್ಟಣ ತಾಲೂಕಿನಲ್ಲಿ ನಾವು ಹತ್ತಿರದಿಂದ ಬಲ್ಲ ಒಂದು ಕುಟುಂಬವಿದೆ. ಜಮೀನಿಲ್ಲ. ಮನೆಯ ಗಂಡಸು ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಬೆಳಗಿನ ಜಾವ ಪಿಕಪ್ ಹತ್ತಿ ಕೊಡಗಿನ ತೋಟಗಳಿಗೆ ಹೋಗುತ್ತಾರೆ. ಹೆಂಡತಿ ಊರಿನಲ್ಲೇ ಹೊಗೆಸೊಪ್ಪಿನ ಕೆಲಸಕ್ಕೆ ಹೋಗುತ್ತಾರೆ: ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್‌ಗೆ ಏರಿಸುವುದು. (ಈ ಬೆಳೆಯ ಹಲಾಲ್, ಹರಾಮ್ ಚರ್ಚೆ ಬೇರೆಯೇ ಲೇಖನಕ್ಕೆ ಇರಲಿ, ಕೂಲಿಗೆ ಹೋಗುವವರಿಗೆ ಅದನ್ನು ಆರಿಸುವ ಅವಕಾಶವೇ ಇಲ್ಲ.) ಕಾಫಿ ಮುಗಿದು, ಸೊಪ್ಪು ಮುರಿಯಲು ಬರುವವರೆಗಿನ ತಿಂಗಳುಗಳು ಅವರಿಗೆ ಪ್ರತಿ ವರ್ಷವೂ ಬರಗಾಲ. ಆಗ ಅವರು ಮಾಡುತ್ತಿದ್ದುದು ಇಷ್ಟೇ: ಬ್ಯಾರನ್ ಮಾಲೀಕರ ಬಳಿ ಹೋಗಿ ಐದು ಸಾವಿರ ಮುಂಗಡ ತರುವುದು. ಬಡ್ಡಿ ಎಂದು ಯಾರೂ ಹೇಳುವುದಿಲ್ಲ. ಆದರೆ ಸೀಸನ್ ಬಂದಾಗ ಊರಲ್ಲಿ ನಡೆಯುವ ಕೂಲಿಗಿಂತ ದಿನಕ್ಕೆ ಐವತ್ತು ರೂಪಾಯಿ ಕಡಿಮೆಗೆ ಅವರಲ್ಲೇ ದುಡಿಯಬೇಕು, ಬೇರೆ ಕಡೆ ಹೋಗುವಂತಿಲ್ಲ. ಅರವತ್ತು ದಿನ ದುಡಿದರೆ ಮೂರು ಸಾವಿರ ಹೋಯಿತು. ಐದು ಸಾವಿರದ ಮೇಲೆ ನಾಲ್ಕೈದು ತಿಂಗಳಿಗೆ ಮೂರು ಸಾವಿರ! ಇದಕ್ಕೆ ರಿಬಾ ಎಂಬ ಹೆಸರಿಲ್ಲದಿರಬಹುದು, ಅದರ ವಾಸನೆ ಮಾತ್ರ ಇದೆ.

ಪಡಿತರ ಚೀಟಿಯಲ್ಲಿ ಆ ಮನೆಯ ಯಜಮಾನಿ ಎಂದಿರುವುದು ಅತ್ತೆಯ ಹೆಸರು. ಹಾಗಾಗಿ ಹಣ ಅವರಿಗೆ ಬಂತು. ಯೋಜನೆ ಘೋಷಣೆಯಾದಾಗ ಅತ್ತೆ-ಸೊಸೆ ಜಗಳದ ನಗೆಹನಿಗಳು ಎಷ್ಟು ಹರಿದಾಡಿದವೆಂದು ಓದುಗರಿಗೆ ನೆನಪಿರಬಹುದು. ಈ ಮನೆಯಲ್ಲಿ ನಡೆದದ್ದು ಬೇರೆ. ಆ ವೃದ್ಧೆ ಮೊದಲ ತಿಂಗಳು ತಮ್ಮ ಬಿ.ಪಿ. ಮಾತ್ರೆಯನ್ನು ಮಗನನ್ನು ಕೇಳದೆ ತಂದುಕೊಂಡರು. ಮೊಮ್ಮಗಳಿಗೆ ಚಪ್ಪಲಿ ಕೊಡಿಸಿದರು. ಮುಂದಿನ ಬೇಸಿಗೆಯಲ್ಲಿ ಎರಡು ಕಂತುಗಳನ್ನು ಒಟ್ಟುಗೂಡಿಸಿ ಸೊಸೆಯ ಕೈಗಿಟ್ಟು, “ಈ ಸಲ ಸಾಹುಕಾರ್ರ ಹತ್ರ ಹೋಗ್ಬೇಡ ಬೇಟಿ” ಎಂದರು. ಆ ವರ್ಷ ಸೊಸೆ ಮುಂಗಡ ತರಲಿಲ್ಲ. ಸೀಸನ್ ಬಂದಾಗ ಎಲ್ಲಿ ಪೂರ್ತಿ ಕೂಲಿ ಸಿಕ್ಕಿತೋ ಅಲ್ಲಿಗೆ ಹೋದರು.

ಈಗ ಮಸ್ಜಿದ್ ಮೆಟ್ಟಿಲಿನ ಮಾತಿಗೆ ಮರಳೋಣ. ‘ಕೂಲಿಗೆ ಜನ ಸಿಗುತ್ತಿಲ್ಲ’ ಎಂಬುದು ಕೆಲವು ಕಡೆ ನಿಜವಿರಬಹುದು. ಆದರೆ ಯಾವ ಕೂಲಿಗೆ? ಮನೆಯಲ್ಲಿ ಕೂತಿದ್ದಾರೆ ಎಂದು ದೂರುವವರ ಹಿಂದೆ ಹೋಗಿ ನೋಡಿದರೆ, ಜನರು ಕೂತಿಲ್ಲ, ಹಳೆಯ ದರಕ್ಕೆ ಬರುತ್ತಿಲ್ಲ ಅಷ್ಟೇ. ತಿಂಗಳಿಗೆ ಎರಡು ಸಾವಿರ ಎಂದರೆ ದಿನಕ್ಕೆ ಅರವತ್ತಾರು ರೂಪಾಯಿ. ಐದು ಜನರ ಸಂಸಾರ ಅರವತ್ತಾರು ರೂಪಾಯಿಯಲ್ಲಿ ಕಾಲು ಚಾಚಿ ಮಲಗುವುದಾದರೂ ಹೇಗೆ? ಆ ಹಣಕ್ಕೆ ಸಾಧ್ಯವಿರುವುದು ಒಂದೇ: ಹಸಿದ ಹೊಟ್ಟೆಯಲ್ಲಿ ಬಂದ ಮೊದಲ ದರಕ್ಕೆ ತಲೆಬಾಗದೆ ಎರಡು ದಿನ ಕಾಯುವ ಶಕ್ತಿಯನ್ನು ಕೊಡುವುದು. ಅದನ್ನೇ ಸೋಮಾರಿತನ ಎಂದು ಕರೆಯುವವರು, ಕೂಲಿಯಾಳಿನ ಬೆವರು ಆರುವ ಮುನ್ನ ಆತನ ಕೂಲಿಯನ್ನು ಕೊಟ್ಟುಬಿಡಬೇಕೆಂಬ ಪ್ರವಾದಿ(ಸ)ರ ಆಜ್ಞೆಯನ್ನು ಎಷ್ಟು ಸಲ ಪಾಲಿಸಿದ್ದಾರೆ ಎಂದು ಮೊದಲು ತಮ್ಮನ್ನೇ ಕೇಳಿಕೊಳ್ಳಲಿ.

ಇದೇ ಹುಣಸೂರು ತಾಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ, 1974ರ ಭೂ ಸುಧಾರಣಾ ತಿದ್ದುಪಡಿಯಿಂದ ಗೇಣಿದಾರರು ಉಳುವ ನೆಲಕ್ಕೆ ಒಡೆಯರಾದರು. 1976ರಲ್ಲಿ ಋಣ ಪರಿಹಾರ ಕಾಯ್ದೆ ಬಂತು. ಇಂದು ‘ಬಿಟ್ಟಿ’ ಎಂದು ಹಂಗಿಸುವ ಎಷ್ಟೋ ಮನೆಗಳ ಪಹಣಿ ಆ ಕಾಯ್ದೆಯಿಂದ ಬಂದದ್ದು. ತಾತನಿಗೆ ಸಿಕ್ಕಿದ್ದು ಹಕ್ಕು, ಪಕ್ಕದ ಗುಡಿಸಲಿನ ವಿಧವೆಗೆ ಸಿಗುವುದು ಭಿಕ್ಷೆಯೇ?

ಯೋಜನೆಗಳ ಬಗ್ಗೆ ಕೇಳಬೇಕಾದ ನ್ಯಾಯವಾದ ಪ್ರಶ್ನೆಗಳಿಲ್ಲವೆಂದು ನಾವು ಹೇಳುವುದಿಲ್ಲ. ಗೃಹಲಕ್ಷ್ಮಿಯೊಂದಕ್ಕೇ ವರ್ಷಕ್ಕೆ 28 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಬೇಕು. ಅದರಿಂದ ಆಸ್ಪತ್ರೆ, ಶಾಲೆ, ರಸ್ತೆಗಳಿಗೆ ಕೊರತೆಯಾಗುತ್ತಿದೆಯೇ ಎಂದು ಕೇಳುವುದು ಪ್ರಜೆಯ ಕರ್ತವ್ಯ. ಕಂತುಗಳು ತಿಂಗಳುಗಟ್ಟಲೆ ತಡವಾಗುವುದಂತೂ ಖಂಡಿತ ತಪ್ಪು. ಮೇಲೆ ಹೇಳಿದ ಮನೆಯಲ್ಲೇ, ಕಂತು ಬಾರದ ಒಂದು ಬೇಸಿಗೆಯಲ್ಲಿ ಸೊಸೆ ಮತ್ತೆ ಅದೇ ಮಾಲೀಕರ ಜಗಲಿಗೆ ಹೋಗಬೇಕಾಯಿತು. ಯಾವಾಗ ಬರುತ್ತದೆಂದು ತಿಳಿಯದ ಹಣದ ಭರವಸೆಯಲ್ಲಿ ಯಾವ ಬಡವನೂ ‘ಇಲ್ಲ’ ಎನ್ನಲಾರ. ಆದರೆ ಇವೆಲ್ಲ ಲೆಕ್ಕದ ಪ್ರಶ್ನೆಗಳು. ‘ಬಡವರು ಕೆಡುತ್ತಾರೆ’ ಎಂಬುದು ಲೆಕ್ಕವಲ್ಲ, ಅಹಂಕಾರ.

ಕುಡಿತಕ್ಕೆ ಹೋಗುತ್ತದೆ ಎನ್ನುತ್ತಾರೆ. ಮಧ್ಯಪ್ರದೇಶದಲ್ಲಿ 2011-12ರ ಸುಮಾರಿಗೆ ಸೇವಾ ಸಂಘಟನೆ ಯುನಿಸೆಫ್ ನೆರವಿನಿಂದ ಹಲವು ಹಳ್ಳಿಗಳಲ್ಲಿ ಪ್ರತಿಯೊಬ್ಬರಿಗೂ ಷರತ್ತಿಲ್ಲದೆ ತಿಂಗಳ ಹಣ ಕೊಟ್ಟು ನೋಡಿತು: ಮೊದಲಿಗೆ ವಯಸ್ಕರಿಗೆ 200, ಮಕ್ಕಳಿಗೆ 100 ರೂಪಾಯಿ, ನಂತರ 300 ಮತ್ತು 150. ಕುಡಿತ ಹೆಚ್ಚಲಿಲ್ಲ. ಊಟ ಸುಧಾರಿಸಿತು, ಮಕ್ಕಳ ಶಾಲಾ ಹಾಜರಿ ಹೆಚ್ಚಿತು, ಜನರು ಆಡು-ಮೇಕೆ ಕೊಂಡರು, ಸಾಲ ತೀರಿಸಿದರು. ದುಡಿಮೆ ಕಡಿಮೆಯಾಗಲಿಲ್ಲ, ಹೆಚ್ಚಿತು. ಡೇವಿಡ್ ಇವಾನ್ಸ್ ಮತ್ತು ಅನ್ನಾ ಪೊಪೊವಾ ಎಂಬ ಸಂಶೋಧಕರು ಬೇರೆ ಬೇರೆ ದೇಶಗಳ 19 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗಲೂ ಮದ್ಯ, ತಂಬಾಕಿನ ಮೇಲಿನ ಖರ್ಚು ಏರಿದ್ದು ಕಾಣಲಿಲ್ಲ. ಇನ್ನು ನಮ್ಮದೇ ಬೆಳಗಾವಿ ಜಿಲ್ಲೆಯಲ್ಲಿ ವೃದ್ಧೆಯೊಬ್ಬರು ಗೃಹಲಕ್ಷ್ಮಿ ಹಣ ಕೂಡಿಟ್ಟು ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ ಸುದ್ದಿ 2024ರಲ್ಲಿ ಎಲ್ಲರೂ ಓದಿದ್ದೇ. ಬಡವರಿಗೂ ಕೊಡುವ ಆಸೆಯಿರುತ್ತದೆ ಎಂಬುದು ನಮಗೆ ಯಾಕೆ ಹೊಳೆಯುವುದಿಲ್ಲ?

ನಾವು ವಿಶ್ವಾಸಿಗಳಾದುದರಿಂದ ಈ ವಿಷಯವನ್ನು ಅರ್ಥಶಾಸ್ತ್ರಕ್ಕೆ ಮಾತ್ರ ಬಿಟ್ಟುಕೊಡಲಾಗದು. ಪವಿತ್ರ ಕುರ್‌ಆನ್ ಸೂರಃ ಅಝ್ಝಾರಿಯಾತ್‌ನಲ್ಲಿಯೂ ಸೂರಃ ಅಲ್ ಮಆರಿಜ್‌ನಲ್ಲಿಯೂ ಉಳ್ಳವರ ಸಂಪತ್ತಿನಲ್ಲಿ ಬೇಡುವವರಿಗೂ ವಂಚಿತರಿಗೂ ಇರುವ ಪಾಲನ್ನು ‘ಹಕ್ಕು’ ಎಂಬ ಪದದಿಂದಲೇ ಕರೆದಿದೆ. ಉಪಕಾರ ಎಂದಲ್ಲ, ದಯೆ ಎಂದಲ್ಲ. ಸೂರಃ ಅಲ್ ಹಶ್ರ್‌ನಲ್ಲಿ ಸಂಪತ್ತು ಶ್ರೀಮಂತರ ನಡುವೆಯೇ ಸುತ್ತುತ್ತಿರಬಾರದೆಂಬ ಕಾರಣವನ್ನು ಸ್ಪಷ್ಟವಾಗಿ ನೀಡಲಾಗಿದೆ. ಕೊಟ್ಟ ಮೇಲೆ ಕೊಟ್ಟದ್ದನ್ನು ಎತ್ತಿ ಆಡುವುದು, ಪಡೆದವನ ಮನ ನೋಯಿಸುವುದು ದಾನವನ್ನೇ ನಿಷ್ಫಲಗೊಳಿಸುತ್ತದೆಂದು ಸೂರಃ ಅಲ್ ಬಕರಃ ಎಚ್ಚರಿಸುತ್ತದೆ.

ಖಲೀಫಾ ಉಮರ್(ರ)ರ ಕಾಲದ ಒಂದು ಘಟನೆಯನ್ನು ನಾವು ಖುತ್ಬಾಗಳಲ್ಲಿ ಕಣ್ಣೀರಿನೊಂದಿಗೆ ಕೇಳುತ್ತೇವೆ, ಆದರೆ ಅದರ ಪಾಠ ಹಾಗೆಯೇ ಉಳಿದುಬಿಡುತ್ತದೆ. ಮದೀನಾದ ಹೊರಗೆ ವ್ಯಾಪಾರಿಗಳ ತಂಡವೊಂದು ಬೀಡುಬಿಟ್ಟಿತ್ತು. ಅಬ್ದುರ್ರಹ್ಮಾನ್ ಬಿನ್ ಔಫ್(ರ)ರೊಂದಿಗೆ ರಾತ್ರಿ ಕಾವಲಿಗೆ ನಿಂತಿದ್ದ ಖಲೀಫರಿಗೆ ಮಗುವೊಂದರ ಅಳು ಕೇಳಿಸಿತು. ಹೋಗಿ ತಾಯಿಗೆ ಹೇಳಿದರು. ಮತ್ತೆ ಅಳು, ಮತ್ತೆ ಹೋದರು. ಕೊನೆಗೆ ಆಕೆ, ಎದುರಿಗಿರುವವರು ಯಾರೆಂದು ಅರಿಯದೆ, ನಿಜ ಹೇಳಿದಳು: ಮೊಲೆ ಬಿಟ್ಟ ಮಕ್ಕಳಿಗೆ ಮಾತ್ರ ಉಮರ್ ಭತ್ಯೆ ಕೊಡುತ್ತಾರೆ, ಅದಕ್ಕೇ ಮಗುವಿಗೆ ಅವಧಿಗೆ ಮುನ್ನವೇ ಮೊಲೆ ಬಿಡಿಸುತ್ತಿದ್ದೇನೆ. ಅಂದಿನ ಫಜ್ರ್ ನಮಾಝ್‌ನಲ್ಲಿ ಅವರ ಪಾರಾಯಣ ಅಳುವಿನ ಮಧ್ಯೆ ಹಿಂದಿದ್ದವರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲ. ನಮಾಝ್ ಮುಗಿಯುತ್ತಲೇ, ಇನ್ನು ಮುಂದೆ ಹುಟ್ಟುವ ಪ್ರತಿ ಮಗುವಿಗೂ ಭತ್ಯೆ ಎಂದು ಸಾರಿಸಿದರು.

ಷರತ್ತನ್ನು ಹಾಕಿದ್ದವರು ಸದುದ್ದೇಶದಿಂದಲೇ ಹಾಕಿದ್ದರು. ಅದು ಒಂದು ಕೂಸಿನ ಬಾಯಿಂದ ಹಾಲನ್ನು ಕಿತ್ತಿತು. ಅದು ತಿಳಿದಾಕ್ಷಣ ಉಮರ್(ರ) ತಾಯಂದಿರಿಗೆ ಉಪದೇಶದ ಸಭೆ ಏರ್ಪಡಿಸಲಿಲ್ಲ, ತಪಾಸಣೆಗೆ ಜನರನ್ನು ನೇಮಿಸಲಿಲ್ಲ. ಷರತ್ತನ್ನೇ ತೆಗೆದರು.

ಇದಕ್ಕೆ ಎದುರಾಗಿ ಕೊಡಲಿಯ ಹದೀಸನ್ನು ಮುಂದಿಡುವವರಿದ್ದಾರೆ. ಅಬೂದಾವೂದ್‌ನಲ್ಲಿ ಅನಸ್(ರ)ರಿಂದ ವರದಿಯಾದ ಪ್ರಸಂಗ: ಬೇಡಲು ಬಂದ ಅನ್ಸಾರಿಯೊಬ್ಬರ ಮನೆಯಲ್ಲಿದ್ದ ಕಂಬಳಿ ಮತ್ತು ನೀರಿನ ಪಾತ್ರೆಯನ್ನು ತರಿಸಿ, ಪ್ರವಾದಿ(ಸ)ರು ಎರಡು ದಿರ್ಹಮ್‌ಗೆ ಮಾರಿಸಿ, ಕೊಡಲಿ ಕೊಳ್ಳಿಸಿ ಸೌದೆ ಕಡಿಯಲು ಕಳುಹಿಸಿದರು. ‘ನೋಡಿ, ಹಣ ಕೊಡಲಿಲ್ಲ, ದುಡಿಯಲು ಕಲಿಸಿದರು’ ಎನ್ನುತ್ತಾರೆ. ಬೇಡುವುದಕ್ಕಿಂತ ದುಡಿಯುವುದು ಮೇಲು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹದೀಸನ್ನು ಪೂರ್ತಿ ಓದಬೇಡವೇ? ಬಂದ ಎರಡು ದಿರ್ಹಮ್‌ಗಳಲ್ಲಿ ಒಂದು ಕೊಡಲಿಗೆ. ಇನ್ನೊಂದು? ಮನೆಯವರ ಊಟಕ್ಕೆ. ಮನೆಯವರ ಹೊಟ್ಟೆ ತಣ್ಣಗಾಗದೆ ಯಾವ ತಂದೆಯೂ ಕಾಡಿಗೆ ಹೋಗಿ ಹದಿನೈದು ದಿನ ಸೌದೆ ಕಡಿಯಲಾರ ಎಂಬುದು ಪ್ರವಾದಿ(ಸ)ರಿಗೆ ತಿಳಿದಿತ್ತು. ಕೊಡಲಿಗೆ ಕಾವನ್ನು ಅವರೇ ತಮ್ಮ ಕೈಯಾರೆ ಹಾಕಿಕೊಟ್ಟರು. ನಮ್ಮಲ್ಲಿ ಈ ಹದೀಸನ್ನು ಉಲ್ಲೇಖಿಸುವವರು ಎಷ್ಟು ಜನರಿಗೆ ಕೊಡಲಿ ಕೊಡಿಸಿದ್ದಾರೆ?

ಇನ್ನು ನಮ್ಮ ಮನೆಗಳ ಒಳಗಿನ ಮಾತು, ಕಹಿಯಾದರೂ ಹೇಳಲೇಬೇಕು. ಹೆಂಡತಿಯ ಖಾತೆಗೆ ಹಣ ಬಂದ ದಿನ ಎಟಿಎಂ ಕಾರ್ಡು ಗಂಡನ ಜೇಬಿನಲ್ಲಿರುವ ಮನೆಗಳು ನಮ್ಮ ಸಮುದಾಯದಲ್ಲಿ ಕಡಿಮೆಯೇನಿಲ್ಲ. ಅದಕ್ಕಿಂತ ನಯವಾದ ದಾರಿಯೂ ಇದೆ: ‘ಎರಡು ಸಾವಿರ ಬರ್ತದಲ್ಲ, ಅದರಲ್ಲೇ ಗ್ಯಾಸ್ ತಗೋ’ ಎಂದು ಮನೆಖರ್ಚಿಗೆ ಕೊಡುತ್ತಿದ್ದುದನ್ನು ಅಷ್ಟೇ ಕಡಿತ ಮಾಡುವುದು. ಸೂರಃ ಅನ್ನಿಸಾಅ್‌ನ ಪ್ರಕಾರ ಕುಟುಂಬದ ಜೀವನಾಂಶ ಪುರುಷನ ಹೊಣೆ. ಸ್ತ್ರೀಯ ಗಳಿಕೆ ಸ್ತ್ರೀಯದು. ಮಹ್ರ್‌ನ ಹಣವನ್ನು ಕೂಡ ಆಕೆ ಮನಃಪೂರ್ವಕವಾಗಿ ಬಿಟ್ಟುಕೊಟ್ಟರೆ ಮಾತ್ರ ಗಂಡ ಮುಟ್ಟಬಹುದು. ಹಾಗಿರುವಾಗ ಆಕೆಯ ಹೆಸರಿಗೆ ಬಂದ ಹಣವನ್ನು ಹೊಣೆ ತಪ್ಪಿಸಿಕೊಳ್ಳಲು ಬಳಸುವ ಗಂಡಸು, ಸರ್ಕಾರದ ಹಣ ತಿಂದವನಲ್ಲ, ಹೆಂಡತಿಯ ಹಣ ತಿಂದವನು.

ಆಕೆಯ ಕೈಯಲ್ಲೇ ಉಳಿದ ಹಣವೂ ಎಷ್ಟೋ ಮನೆಗಳಲ್ಲಿ ನೇರವಾಗಿ ಸಂಘದ ವಾರದ ಕಂತಿಗೆ ಹೋಗುತ್ತದೆ. ಕಿರುಸಾಲ ಕಂಪನಿಗಳ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತೆಂದರೆ ಪರಿಸ್ಥಿತಿ ಎಲ್ಲಿಗೆ ಮುಟ್ಟಿತ್ತೆಂದು ಊಹಿಸಿ. ಬಡ್ಡಿ ಹರಾಮ್ ಎಂದು ವೇದಿಕೆಯಿಂದ ಘೋಷಿಸುವುದು ಸುಲಭ. ಮಗಳ ಹೆರಿಗೆಗೆ ಹತ್ತು ಸಾವಿರ ಬೇಕಾದಾಗ ಆ ಮಹಿಳೆ ಜಮಾಅತ್‌ನ ಬಾಗಿಲು ತಟ್ಟುವಂತಿದೆಯೇ? ತಟ್ಟಿದರೆ ತೆರೆಯುವವರಿದ್ದಾರೆಯೇ? ಝಕಾತ್‌ನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಸಿಲುಕಿದವರೂ ಒಬ್ಬರೆಂದು ಸೂರಃ ಅತ್ತೌಬಾದಲ್ಲಿ ಇದೆ. ನಮ್ಮ ವಿತರಣಾ ಪಟ್ಟಿಗಳಲ್ಲಿ ಅವರು ಕಾಣುವುದೇ ಅಪರೂಪ.

ನಮ್ಮ ವಿತರಣೆ ಹೇಗಿದೆ ಎಂಬುದನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ರಮಝಾನ್‌ನ ಎರಡನೆಯ ಹತ್ತರಲ್ಲಿ ಶಾಮಿಯಾನ, ಟೇಬಲ್ಲಿನ ಮೇಲೆ ಸಾಲಾಗಿ ಕಿಟ್‌ಗಳು: ಅಕ್ಕಿ, ಎಣ್ಣೆ, ಸಕ್ಕರೆ, ಶಾವಿಗೆ, ಖರ್ಜೂರ. ಬುರ್ಖಾ ತೊಟ್ಟ ಮಹಿಳೆಯರು ಉಪವಾಸದ ಬಿಸಿಲಿನಲ್ಲಿ ಟೋಕನ್ ಹಿಡಿದು ಸಾಲು ನಿಂತಿರುತ್ತಾರೆ. ಕಿಟ್‌ಗೆ ನಾಲ್ವರು ಗಣ್ಯರು ಕೈ ಹಚ್ಚಿ, ಕ್ಯಾಮೆರಾ ನೋಡಿ ನಗುತ್ತಾರೆ. ಸಂಜೆಯೊಳಗೆ ಫೋಟೊ ಊರಿನ ಎಲ್ಲ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ. ಆ ಮಹಿಳೆಯ ಮಗ ಹೈಸ್ಕೂಲಿನಲ್ಲಿ ಓದುತ್ತಿದ್ದಾನೆ. ಆತನ ಗೆಳೆಯರ ಮನೆಯಲ್ಲೂ ಮೊಬೈಲ್ ಇದೆ ಎಂಬುದನ್ನು ಯಾರೂ ಯೋಚಿಸುವುದಿಲ್ಲ. ಬಡವರಿಗೆ ಗುಟ್ಟಾಗಿ ಕೊಡುವುದು ಹೆಚ್ಚು ಉತ್ತಮವೆಂದು ಕುರ್‌ಆನ್ ಹೇಳಿರುವಾಗ, ಈ ಫೋಟೊಗಳು ಯಾರ ಮೆಚ್ಚುಗೆಗಾಗಿ?

ಸರ್ಕಾರವನ್ನು ಎಷ್ಟೇ ಬೈದರೂ ಒಂದನ್ನು ಒಪ್ಪಬೇಕು. ಆ ಹಣ ಬಂದಾಗ ಆ ಮಹಿಳೆ ಯಾರೆದುರೂ ಸಾಲು ನಿಲ್ಲಲಿಲ್ಲ, ಯಾರಿಗೂ ಮುಖ ತೋರಿಸಲಿಲ್ಲ. ಮೊಬೈಲಿಗೆ ಒಂದು ಸಂದೇಶ ಬಂತು, ಅಷ್ಟೇ. ಝಕಾತ್‌ನಂಥ ಇಬಾದತ್ ನಮ್ಮ ಕೈಯಲ್ಲಿದ್ದೂ ನಾವು ಆಕೆಗೆ ಆ ಗೌರವವನ್ನು ಕೊಡಲಾರೆವೇ?

ಹನಫೀ ಮದ್ಹಬ್‌ನಲ್ಲಿ ಝಕಾತ್ ಸಂದಾಯವಾಗಬೇಕಾದರೆ ‘ತಮ್ಲೀಕ್’ ಆಗಬೇಕು, ಅಂದರೆ ಪಡೆಯುವವರನ್ನು ಆ ಸೊತ್ತಿಗೆ ಪೂರ್ಣ ಒಡೆಯರನ್ನಾಗಿಸಬೇಕು. ಕೂರಿಸಿ ಊಟ ಬಡಿಸಿದರೆ ಝಕಾತ್ ಸಂದುವುದಿಲ್ಲವೆಂದು ಫುಕಹಾಗಳು ಬರೆದಿರುವುದು ಇದೇ ಕಾರಣಕ್ಕೆ. ಕಿಟ್ ಕೈಗೆ ಕೊಟ್ಟಾಗ ತಮ್ಲೀಕ್ ಆಗುತ್ತದೆ, ನಿಜ. ಅದನ್ನು ತಪ್ಪೆಂದು ಫತ್ವಾ ಕೊಡುವವರು ನಾವಲ್ಲ. ಆದರೆ ಒಡೆತನದ ಆಶಯವೇನು? ಆಕೆಗೆ ಬೇಕಾದದ್ದು ಮಗಳ ಪಿಯುಸಿ ಶುಲ್ಕ, ನಾವು ಕೊಟ್ಟದ್ದು ಮೂರನೆಯ ಶಾವಿಗೆ ಪೊಟ್ಟಣ. ಮೊದಲ ಎರಡು ಬೇರೆ ಕಮಿಟಿಗಳಿಂದ ಬಂದಿದ್ದವು. ಮೂರನ್ನೂ ಆಕೆ ಅಂಗಡಿಗೆ ಅರ್ಧ ಬೆಲೆಗೆ ಮಾರಿದರೆ ನಮ್ಮವರು ‘ನೋಡಿದಿರಾ ಇವರ ಬುದ್ಧಿ’ ಎನ್ನುತ್ತಾರೆ. ಬುದ್ಧಿ ಸರಿಯಾಗಿಯೇ ಇದೆ. ಹಣವಾಗಿ ಕೊಡಬೇಕಾದದ್ದನ್ನು ನಾವು ಸಾಮಾನಾಗಿ ಕೊಟ್ಟೆವು, ಆಕೆ ನಷ್ಟ ಮಾಡಿಕೊಂಡು ಅದನ್ನು ಮತ್ತೆ ಹಣವಾಗಿಸಿದಳು.

ಲೆಕ್ಕ ಹಾಕಿ ನೋಡಿ. ಝಕಾತ್ ಅನ್ವಯಿಸುವ ಸಂಪತ್ತು 9 ಲಕ್ಷ 60 ಸಾವಿರ ರೂಪಾಯಿ ಇರುವವರು ಎರಡೂವರೆ ಶೇಕಡದಂತೆ ಕೊಡಬೇಕಾದದ್ದು 24 ಸಾವಿರ. ತಿಂಗಳಿಗೆ ಎರಡು ಸಾವಿರದಂತೆ ಹನ್ನೆರಡು ತಿಂಗಳು. ಅಂದರೆ ಚಿನ್ನ, ಉಳಿತಾಯ, ಅಂಗಡಿಯ ಸರಕು ಸೇರಿ ಹತ್ತು ಲಕ್ಷದ ಹತ್ತಿರವಿರುವ ಒಂದು ಮನೆಯ ಝಕಾತ್‌ನಿಂದ ಇನ್ನೊಂದು ಮನೆಗೆ ವರ್ಷಪೂರ್ತಿ ಇನ್ನೊಂದು ಗೃಹಲಕ್ಷ್ಮಿ. ನಮ್ಮ ನಾಲ್ಕು ತಾಲೂಕುಗಳ ಪಟ್ಟಣಗಳಲ್ಲಿ ಅಂಥ ಮನೆಗಳು ಎಷ್ಟಿವೆಯೆಂದು ಜಮಾಅತ್‌ನ ಹಿರಿಯರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅದೇ 24 ಸಾವಿರವನ್ನು ಐನೂರರ 48 ಕಿಟ್‌ಗಳಾಗಿ ಒಡೆದರೆ 48 ಮನೆಗಳಲ್ಲಿ ಒಂದು ವಾರ ಕಳೆಯುತ್ತದೆ, ಒಂದು ಮನೆಯ ಬಡತನವೂ ನೀಗುವುದಿಲ್ಲ. ಕೊಡುವುದಾದರೆ ಪಡೆದವರ ಅಗತ್ಯ ತೀರುವಷ್ಟು ಕೊಡಬೇಕೆಂಬುದು ಉಮರ್(ರ)ರ ನಿಲುವಾಗಿತ್ತು. ಇಮಾಮ್ ನವವಿ(ರ)ಯವರೂ ಕಸುಬುದಾರನಿಗೆ ಕಸುಬಿನ ಸಾಧನ ಕೊಳ್ಳುವಷ್ಟು ಕೊಡಬೇಕೆಂದು ಬರೆದಿದ್ದಾರೆ.

ವರ್ಷ ತುಂಬಿದ ಮೇಲೆ ಝಕಾತನ್ನು ತಿಂಗಳುಗಟ್ಟಲೆ ಹಿಡಿದಿಡಬಹುದೇ ಎಂಬ ಸಂದೇಹ ಕೆಲವರಿಗೆ ಬರಬಹುದು, ಸರಿಯಾದ ಸಂದೇಹವೇ. ಅದಕ್ಕೆ ದಾರಿ, ತಡಮಾಡುವುದಲ್ಲ, ಮುಂಚಿತವಾಗಿ ಆರಂಭಿಸುವುದು. ಮುಂದಿನ ವರ್ಷದ ಝಕಾತನ್ನು ಅವಧಿಗೆ ಮೊದಲೇ ಕಂತಾಗಿ ಕೊಡಲು ಬಹುಪಾಲು ಇಮಾಮರು ಅನುಮತಿ ನೀಡಿದ್ದಾರೆ. ಈ ಶವ್ವಾಲ್‌ನಿಂದ ತಿಂಗಳಿಗೆ ಇಂತಿಷ್ಟೆಂದು ಕೊಡುತ್ತಾ ಹೋಗಿ, ಬರುವ ರಮಝಾನ್‌ನಲ್ಲಿ ಲೆಕ್ಕ ಹಾಕಿ, ಕಡಿಮೆ ಬಿದ್ದದ್ದನ್ನು ಆಗಲೇ ತುಂಬಿದರಾಯಿತು. ಸ್ಥಳೀಯ ಉಲಮಾಗಳಲ್ಲಿ ಒಮ್ಮೆ ವಿಚಾರಿಸಿಕೊಳ್ಳಿ. ದಿನಾಂಕ ಮಾತ್ರ ತಪ್ಪಬಾರದು. ಐದನೆಯ ತಾರೀಖು ಎಂದರೆ ಐದನೆಯ ತಾರೀಖು. ಸರ್ಕಾರದ ಕಂತಿನ ವಿಷಯದಲ್ಲಿ ನಾವು ಯಾವುದನ್ನು ದೂರುತ್ತೇವೆಯೋ ಅದನ್ನೇ ನಾವೂ ಮಾಡಬಾರದಲ್ಲವೇ?

ಪಟ್ಟಿ ಮಾಡುವವರು ಕೈ ಚಾಚುವವರನ್ನಷ್ಟೇ ಬರೆದುಕೊಳ್ಳದಿರಲಿ. ಅಂಗಲಾಚಿ ಬೇಡದ, ಸ್ವಾಭಿಮಾನದಿಂದಾಗಿ ಅರಿಯದವರ ಕಣ್ಣಿಗೆ ಅನುಕೂಲಸ್ಥರಂತೆ ಕಾಣುವ ಬಡವರನ್ನು ಕುರ್‌ಆನ್ ಬೇರೆಯಾಗಿಯೇ ಗುರುತಿಸಿದೆ. ಮನೆಯಲ್ಲೇ ಕೂತು ಅಗರಬತ್ತಿ ಹೊಸೆಯುವ ತಲಾಕ್ ಪಡೆದ ಹೆಣ್ಣುಮಗಳು, ಪಡಿತರ ಚೀಟಿಯಲ್ಲಿ ಹೆಸರು ಅತ್ತೆಯದಿದ್ದು ತವರಿಗೆ ಮರಳಿದವಳು, ಆಧಾರ್ ಜೋಡಣೆಯಾಗದೆ ಒಂದು ಕಂತೂ ಕಾಣದ ವೃದ್ಧೆ: ಇವರು ಸರ್ಕಾರದ ಲೆಕ್ಕದಿಂದಲೂ ಹೊರಗೆ, ನಮ್ಮ ಟೋಕನ್ ಸಾಲಿನಿಂದಲೂ ಹೊರಗೆ. ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳಲ್ಲಿ ಕಾಗದಪತ್ರವಿಲ್ಲದೆ ಅಕ್ಕಿಯನ್ನೂ ಹಣವನ್ನೂ ಕಳೆದುಕೊಂಡ ಜೇನುಕುರುಬ ಕುಟುಂಬಗಳಿಗೆ ಝಕಾತ್‌ನ ಹಣವಲ್ಲದಿದ್ದರೂ ಸದಕಾದ ಬಾಗಿಲು ತೆರೆದೇ ಇದೆ; ನೆರೆಯವರ ಹಕ್ಕಿಗೆ ಧರ್ಮದ ಗೆರೆಯಿಲ್ಲ. ಅರ್ಜಿ ತುಂಬಿಸಲು, ಬ್ಯಾಂಕಿಗೆ ಜೊತೆಯಾಗಿ ಹೋಗಲು ಓದಿದ ಹುಡುಗರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಜುಮುಆ ನಂತರ ಮೆಟ್ಟಿಲ ಮೇಲೆ ನಿಂತು ಹರಟುವ ಅರ್ಧ ಗಂಟೆಯನ್ನು ಅವರು ಇದಕ್ಕೆ ಕೊಟ್ಟರೂ ಸಾಕು. ಪಟ್ಟಿಯನ್ನು ಶಾಬಾನ್ ತಿಂಗಳೊಳಗೆ ಮುಗಿಸಿ ಮೂರು ಜನರ ಬಳಿ ಮಾತ್ರ ಇಡಲಿ, ಫೋಟೊ ತೆಗೆಯುವವರನ್ನು ಕರೆಯದಿರಲಿ.